ಯಾದವಗಿರಿಗೆ ಬಂದ ಜೆಕೊಸ್ಲೊವಾಕಿಯಾ

ಮೈಸೂರಿನಲ್ಲಿ ಜಾವಾ ಮೋಟಾರ್ ಸೈಕಲ್ಲಿನ ಹೆಸರು ಕೇಳದವರಿಲ್ಲ. ಐವತ್ತು ದಾಟಿದ ಯಾರನ್ನು ಮಾತಿಗೆಳೆದರೂ ಒಂದು ಕತೆ ಹೊರಗೆ ಬರುತ್ತದೆ. ಹೊಸದಾಗಿ ಮದುವೆಯಾದವರು ನಂಜನಗೂಡಿನ ಜಾತ್ರೆಗೆ ಹೋದದ್ದು, ಚಾಮುಂಡಿ ಬೆಟ್ಟವನ್ನು ಮೂವರು ಕೂತು ಹತ್ತಿದ್ದು, ಸೋದರಮಾವ ರಾತ್ರಿ ತಡವಾಗಿ ಬಂದದ್ದನ್ನು ಸೈಲೆನ್ಸರಿನ ಸದ್ದೇ ಬೀದಿಗೆಲ್ಲ ಸಾರಿದ್ದು. ಗಾಡಿಯ ಮೇಲೆ ಇಷ್ಟು ಅಕ್ಕರೆ ಇಟ್ಟುಕೊಂಡ ಊರು ಆ ಗಾಡಿ ಹುಟ್ಟಿದ ದೇಶವನ್ನು ಮಾತ್ರ ವಿಚಾರಿಸಿಕೊಳ್ಳಲೇ ಇಲ್ಲ ಎಂಬ ಕೊರಗು ನನಗೆ ಬಹಳ ಕಾಲದಿಂದ ಇದೆ. ಆ ದೇಶದ ಹೆಸರು ಜೆಕೊಸ್ಲೊವಾಕಿಯಾ. ಇಂದಿನ ಭೂಪಟದಲ್ಲಿ ಹುಡುಕಿದರೆ ಸಿಗುವುದಿಲ್ಲ. 1993ರಲ್ಲಿ ಅದು ಎರಡಾಯಿತು. ಇದ್ದಷ್ಟು ಕಾಲವೂ ಅದಕ್ಕೆ ಕಡಲಿರಲಿಲ್ಲ, ಎರಡಾದ ಮೇಲೂ ಎರಡಕ್ಕೂ ಇಲ್ಲ.

ನಾನು ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡುತ್ತಿದ್ದವಳು. ಪಠ್ಯದಲ್ಲಿ ಜೆಕೊಸ್ಲೊವಾಕಿಯಾ ಬರುತ್ತಿದ್ದದ್ದು ಮ್ಯೂನಿಕ್ ಒಪ್ಪಂದದ ಹತ್ತಿರ, ಅದೂ ಐದು ಅಂಕದ ಪ್ರಶ್ನೆಯಾಗಿ. ಹಿಟ್ಲರನ ಕತೆಯಲ್ಲಿ ಅದೊಂದು ಮೆಟ್ಟಿಲು, ಅಷ್ಟೆ. ಆದರೆ ಚಾಮರಾಜಪುರಂನ ನಮ್ಮ ಮನೆಯ ಕಾಂಪೌಂಡಿನಲ್ಲಿ ಆ ದೇಶ ದಿನಾ ಬೆಳಿಗ್ಗೆ ಹೊಗೆ ಬಿಟ್ಟುಕೊಂಡು ನಿಂತಿರುತ್ತಿತ್ತು. ನಮ್ಮ ತಂದೆಯನ್ನು ನಾವು ಅಣ್ಣ ಎನ್ನುತ್ತಿದ್ದೆವು. ಅಣ್ಣನ ಗಾಡಿ ಅರವತ್ತರ ದಶಕದ ಆರಂಭದ್ದು, ಕಡುಗೆಂಪು ಬಣ್ಣ, ಟ್ಯಾಂಕಿನ ಎರಡೂ ಬದಿಗೆ ಕ್ರೋಮ್ ತಗಡು, ಮಂಡಿಗೆ ಒತ್ತಿಕೊಳ್ಳುವಲ್ಲಿ ಕಪ್ಪು ರಬ್ಬರು. ಚಿಕ್ಕಪ್ಪ ಯಾದವಗಿರಿಯ ಕಾರ್ಖಾನೆಯ ಮಷೀನ್ ಶಾಪಿನಲ್ಲಿದ್ದರು. ಸ್ಟೇಷನ್ನಿನ ಹತ್ತಿರದ ನಮ್ಮ ಅಡ್ಡರಸ್ತೆಯಿಂದ ಸೈಕಲ್ ಹತ್ತಿ ಜೆ.ಎಲ್.ಬಿ. ರಸ್ತೆ ಹಿಡಿದು, ಮೆಟ್ರೋಪೋಲ್ ದಾಟಿ ಕೆಲಸಕ್ಕೆ ಹೋಗುತ್ತಿದ್ದರು. ಜಾವಾ ಮಾಡುವವರು ಸೈಕಲ್ಲಿನಲ್ಲಿ ಹೋಗುತ್ತಾರೆ, ಮೇಜಿನ ಮುಂದೆ ಕೂರುವವರು ಜಾವಾದಲ್ಲಿ ಹೋಗುತ್ತಾರೆ ಎಂದು ನಮ್ಮ ಅಜ್ಜಿ ಬೇಸರದಿಂದಲೇ ಹೇಳುತ್ತಿದ್ದರು.

ಯಂತ್ರದ ಇತಿಹಾಸ ಬರೆಯುವವರು ರಾಜಕೀಯ ಬಿಡುತ್ತಾರೆ, ರಾಜಕೀಯ ಬರೆಯುವವರಿಗೆ ಯಂತ್ರ ಕಾಣುವುದಿಲ್ಲ. ನನ್ನ ಮಟ್ಟಿಗೆ ಮೈಸೂರಿನ ಜಾವಾ ಒಂದು ರಾಜಕೀಯ ವಸ್ತು. ಅದು ಇಲ್ಲಿಗೆ ಬಂದದ್ದು, ಅಷ್ಟು ವರ್ಷ ಹೆಚ್ಚು ಬದಲಾಗದೆ ಉಳಿದದ್ದು, ಕೊನೆಗೆ ನಿಂತದ್ದು, ಈ ಮೂರಕ್ಕೂ ಕಾರಣವನ್ನು ಯಾದವಗಿರಿಯಲ್ಲಿ ಎಷ್ಟು ಹುಡುಕಬೇಕೋ ಪ್ರಾಗ್‌ನಲ್ಲೂ ಅಷ್ಟೇ ಹುಡುಕಬೇಕು.

ಜೆಕೊಸ್ಲೊವಾಕಿಯಾ ಹುಟ್ಟಿದ್ದು 1918ರ ಅಕ್ಟೋಬರ್ 28ರಂದು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ–ಹಂಗೆರಿ ಸಾಮ್ರಾಜ್ಯ ಕುಸಿದಾಗ ಜೆಕ್ಕರೂ ಸ್ಲೊವಾಕರೂ ಸೇರಿ ಕಟ್ಟಿಕೊಂಡ ಗಣರಾಜ್ಯ ಅದು. ಮೊದಲ ಅಧ್ಯಕ್ಷ ಟೊಮಾಶ್ ಮಸರಿಕ್, ತತ್ವಶಾಸ್ತ್ರದ ಪ್ರಾಧ್ಯಾಪಕ. ಹಳೆಯ ಸಾಮ್ರಾಜ್ಯದ ಕೈಗಾರಿಕೆಯಲ್ಲಿ ಹೆಚ್ಚಿನ ಪಾಲು ಈ ಸಣ್ಣ ದೇಶದ ಗಡಿಯೊಳಗೇ ಉಳಿಯಿತು. ಪಿಲ್ಸೆನ್‌ನಲ್ಲಿ ಸ್ಕೋಡಾದ ಫಿರಂಗಿ ಮತ್ತು ಯಂತ್ರ, ಜ್ಲಿನ್‌ನಲ್ಲಿ ಬಾಟಾ ಪಾದರಕ್ಷೆ, ಬೊಹೀಮಿಯಾದ ಗಾಜು. ನಾವು ಇಲ್ಲಿ ಬಾಟಾವನ್ನು ನಮ್ಮದೇ ಕಂಪನಿ ಎಂದುಕೊಂಡೇ ಬೆಳೆದೆವು, ಅದರ ಬೇರೂ ಅಲ್ಲಿಯದು.

ಕಡಲಿಲ್ಲದ ದೇಶಕ್ಕೆ ಇರುವ ದಾರಿ ಒಂದೇ: ಒಳಗೆ ಏನಾದರೂ ಚೆನ್ನಾಗಿ ಮಾಡಬೇಕು, ಅದನ್ನು ಪರರ ನೆಲದ ಮೇಲೆ ದಾಟಿಸಿ ಪರರ ಬಂದರಿನಿಂದ ಹೊರಗೆ ಕಳಿಸಬೇಕು. ಅದಕ್ಕಾಗಿಯೇ ವರ್ಸೇಲ್ಸ್ ಒಪ್ಪಂದದಲ್ಲಿ ಜೆಕೊಸ್ಲೊವಾಕಿಯಾಗೆ ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ ಒಂದು ತುಂಡು ಜಾಗವನ್ನು 99 ವರ್ಷದ ಗುತ್ತಿಗೆಗೆ ಕೊಡಿಸುವ ಮಾತಾಯಿತು. ಪ್ರಾಗ್‌ನ ನಡುವೆ ಹರಿಯುವ ವ್ಲತಾವಾ ಹೊಳೆ ಎಲ್ಬೆಯನ್ನು ಸೇರುತ್ತದೆ, ಎಲ್ಬೆ ಹ್ಯಾಂಬರ್ಗ್ ಮುಟ್ಟುತ್ತದೆ. ಆ ನೀರೇ ಅವರ ದಾರಿ. ಗುತ್ತಿಗೆ 1929ರಲ್ಲಿ ಕಾಗದಕ್ಕೆ ಬಂತು.

ಅದೇ 1929ರಲ್ಲಿ ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರ್ ಮೋಟಾರ್ ಸೈಕಲ್ ಮಾಡಲು ಹೊರಟ. ಅದುವರೆಗೆ ಆತನದು ಶಸ್ತ್ರಾಸ್ತ್ರದ ಕಾರ್ಖಾನೆ, ಗ್ರೆನೇಡುಗಳಲ್ಲಿ ಹೆಸರು ಮಾಡಿದ್ದ. ಯುದ್ಧ ಮುಗಿದು ಹತ್ತು ವರ್ಷವಾಗಿ ಆಯುಧಕ್ಕೆ ಬೇಡಿಕೆ ಇಳಿದಿತ್ತು, ಕೂಲಿಯವರಿಗೆ ಕೆಲಸ ಕೊಡಬೇಕಿತ್ತು. ಜರ್ಮನಿಯ ವಾಂಡರರ್ ಕಂಪನಿ ತನ್ನ 500 ಸಿಸಿ ಗಾಡಿಯನ್ನು ಕೈಬಿಡುತ್ತಿದ್ದಾಗ ಅದರ ಹಕ್ಕು ಕೊಂಡುಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರಕ್ಕೆ ವಾಂಡರರಿನ ಮೊದಲೆರಡನ್ನು ಸೇರಿಸಿದ, ಜಾವಾ ಆಯಿತು. ಆ ಮೊದಲ ಗಾಡಿ ದುಬಾರಿ, ಬೇಗ ಕೆಡುತ್ತಿತ್ತು, ಮೇಲೆ ಜಗತ್ತಿನ ಆರ್ಥಿಕ ಮುಗ್ಗಟ್ಟು. ಕಂಪನಿ ಉಳಿದದ್ದು 1932ರಲ್ಲಿ ತಂದ ಅಗ್ಗದ 175 ಸಿಸಿ ಗಾಡಿಯಿಂದ. ಅದರ ಎಂಜಿನ್ ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯದು. ಜರ್ಮನ್ ಹಕ್ಕು, ಇಂಗ್ಲಿಷ್ ಎಂಜಿನ್, ಜೆಕ್ ಕೈಕೆಲಸ. ಹೊರಗಿನಿಂದ ತಂದು ತನ್ನದಾಗಿಸಿಕೊಳ್ಳುವ ಈ ವಿದ್ಯೆಯನ್ನೇ ಮೂವತ್ತು ವರ್ಷದ ಮೇಲೆ ಮೈಸೂರು ಅವರಿಂದ ಕಲಿತದ್ದು.

ಇನ್ನು ಮ್ಯೂನಿಕ್. 1938ರ ಸೆಪ್ಟೆಂಬರ್ ಕೊನೆಯಲ್ಲಿ ಹಿಟ್ಲರ್, ಮುಸೊಲಿನಿ, ಬ್ರಿಟನ್ನಿನ ಚೇಂಬರ್ಲಿನ್, ಫ್ರಾನ್ಸಿನ ದಲಾದಿಯೇ ನಾಲ್ವರು ಕೂತು ಜೆಕೊಸ್ಲೊವಾಕಿಯಾದ ಗಡಿಪ್ರದೇಶ ಸುಡೆಟೆನ್‌ಲ್ಯಾಂಡನ್ನು ಜರ್ಮನಿಗೆ ಬರೆದುಕೊಟ್ಟರು. ಯಾರ ನೆಲ ಹೋಗುತ್ತಿತ್ತೋ ಅವರನ್ನು ಮಾತುಕತೆಗೆ ಕರೆಯಲೇ ಇಲ್ಲ. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಆ ಗಡಿಯ ಗುಡ್ಡಸಾಲಿನಲ್ಲಿಯೇ ಜೆಕ್ಕರು ತಮ್ಮ ಕೋಟೆಕೊತ್ತಲಗಳನ್ನೆಲ್ಲ ಕಟ್ಟಿದ್ದರು. ಗುಡ್ಡ ಹೋದ ಮೇಲೆ ಬಯಲು ದೇಶಕ್ಕೆ ರಕ್ಷಣೆ ಉಳಿಯಲಿಲ್ಲ. 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಪ್ರಾಗ್‌ಗೆ ನುಗ್ಗಿತು. ಅದರ ಹಿಂದಿನ ದಿನವೇ ಸ್ಲೊವಾಕಿಯಾ ಬೇರೆಯಾಗಿ ಹಿಟ್ಲರನ ನೆರಳಿಗೆ ಸೇರಿತ್ತು.

ನಮ್ಮವರು ಸುಮ್ಮನಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಜವಾಹರಲಾಲ್ ನೆಹರೂ ಮ್ಯೂನಿಕ್‌ಗೆ ಮುಂಚೆ, 1938ರ ಬೇಸಿಗೆಯಲ್ಲಿ, ಜೆಕೊಸ್ಲೊವಾಕಿಯಾಗೆ ಹೋಗಿದ್ದರು. ಬ್ರಿಟನ್ ಆ ದೇಶವನ್ನು ಕೈಬಿಡುತ್ತಿದೆ ಎಂದು ಬಹಿರಂಗವಾಗಿ ಬರೆದರು. ಸುಭಾಷ್‌ಚಂದ್ರ ಬೋಸರೂ ಆ ದಶಕದಲ್ಲಿ ಪ್ರಾಗ್‌ಗೆ ಹೋಗಿ ಆ ದೇಶದ ನಾಯಕ ಬೆನೆಶ್‌ರನ್ನು ಕಂಡಿದ್ದರು. ಪರಾಧೀನ ದೇಶದ ಮುಂದಾಳುಗಳಿಗೆ, ಸ್ವತಂತ್ರವಾಗಿ ಇಪ್ಪತ್ತು ವರ್ಷವೂ ತುಂಬದ ಆ ಗಣರಾಜ್ಯದಲ್ಲಿ ತಮ್ಮದೇ ನಾಳೆ ಕಂಡಿರಬೇಕು.

ಜರ್ಮನ್ ಆಳ್ವಿಕೆಯಲ್ಲಿ ಯಾನೆಚೆಕ್‌ನ ಕಾರ್ಖಾನೆ ಯುದ್ಧದ ಕೆಲಸಕ್ಕೆ ಹೋಯಿತು. ಮೋಟಾರ್ ಸೈಕಲ್ ಮಾಡುವಂತಿರಲಿಲ್ಲ. ಯಾನೆಚೆಕ್ 1941ರಲ್ಲಿ ತೀರಿಕೊಂಡ. ಆದರೆ ಅವನ ಎಂಜಿನಿಯರುಗಳು ಮೇಲಿನವರ ಕಣ್ಣು ತಪ್ಪಿಸಿ ಒಂದು ಹೊಸ 250 ಸಿಸಿ ಗಾಡಿಯ ಕೆಲಸ ನಡೆಸಿದರು. 1942ರಲ್ಲಿ ನಾತ್ಸಿ ಅಧಿಕಾರಿ ಹೈಡ್ರಿಚ್‌ನನ್ನು ಕೊಂದ ಸೇಡಿಗೆ ಲಿಡಿಟ್ಸೆ ಎಂಬ ಇಡೀ ಹಳ್ಳಿಯ ಗಂಡಸರನ್ನು ಗುಂಡಿಕ್ಕಿ ಕೊಂದು ಊರನ್ನು ನೆಲಸಮ ಮಾಡಿದ ಕಾಲ ಅದು. ಅಂಥ ಕಾಲದಲ್ಲಿ, ಯುದ್ಧ ಮುಗಿದ ಮೇಲೆ ಜನ ಏನು ಓಡಿಸಬೇಕು ಎಂದು ಗೆರೆ ಎಳೆಯುತ್ತ ಕೂತವರನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ. ಆ ಗಾಡಿ 1946ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂತು. ಹಿಂದಿನ ಚಕ್ರಕ್ಕೂ ಸ್ಪ್ರಿಂಗು ಇದ್ದ, ಎಂಜಿನ್ನು ಗೇರ್‌ಬಾಕ್ಸು ಒಂದೇ ಕವಚದಲ್ಲಿ ನುಣುಪಾಗಿ ಕೂತಿದ್ದ ಆ ಗಾಡಿಯ ಮಗನೇ 1954ರ 353 ಮಾದರಿ. ಯಾದವಗಿರಿಗೆ ಬಂದದ್ದು ಅದು.

ಬರುವಷ್ಟರಲ್ಲಿ ದೇಶ ಮತ್ತೆ ಬೇರೆಯಾಗಿತ್ತು. ಯುದ್ಧದ ನಂತರ ದೊಡ್ಡ ಕಾರ್ಖಾನೆಗಳೆಲ್ಲ ರಾಷ್ಟ್ರೀಕರಣವಾದವು, ಜಾವಾವೂ ಅದರಲ್ಲಿ ಒಂದು. 1948ರ ಫೆಬ್ರುವರಿಯಲ್ಲಿ ಕಮ್ಯುನಿಸ್ಟ್ ಪಕ್ಷ ಅಧಿಕಾರವನ್ನು ಪೂರ್ತಿ ಹಿಡಿಯಿತು. ಮೊದಲ ಅಧ್ಯಕ್ಷನ ಮಗ, ವಿದೇಶಾಂಗ ಮಂತ್ರಿ ಯಾನ್ ಮಸರಿಕ್, ಮಾರ್ಚ್‌ನಲ್ಲಿ ತನ್ನ ಕಚೇರಿಯ ಕಟ್ಟಡದ ಕಿಟಕಿಯ ಕೆಳಗೆ ಹೆಣವಾಗಿ ಸಿಕ್ಕಿದ. ಜಾವಾದ ಅತಿ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವಾಯಿತು. ಕಾರ್ಖಾನೆ ಎಷ್ಟು ಮಾಡಬೇಕು, ಎಲ್ಲಿಗೆ ಕಳಿಸಬೇಕು ಎಂಬುದು ಯೋಜನೆಯ ಕಡತದಲ್ಲಿ ತೀರ್ಮಾನವಾಗತೊಡಗಿತು.

ಇತ್ತ ಭಾರತದಲ್ಲೂ ಕಡತದ ಕಾಲವೇ. ಜಾವಾ ಗಾಡಿಗಳನ್ನು ಮುಂಬೈಯಲ್ಲಿ ತರಿಸಿ ಮಾರುತ್ತಿದ್ದವರು ಪಾರಸಿ ಕುಟುಂಬದ ರುಸ್ತುಂ ಇರಾನಿ. ಐವತ್ತರ ದಶಕದಲ್ಲಿ ವಿದೇಶಿ ವಿನಿಮಯ ಬರಿದಾಗಿ ಸರ್ಕಾರ ಸಿದ್ಧ ವಾಹನಗಳ ಆಮದನ್ನು ಬಿಗಿ ಮಾಡಿದಾಗ ಮಾರಾಟಗಾರರು ಇಲ್ಲೇ ತಯಾರಿಸುವ ದಾರಿ ನೋಡಬೇಕಾಯಿತು. ಎನ್‌ಫೀಲ್ಡ್ 1955ರಲ್ಲೇ ಮದರಾಸಿಗೆ ಬಂದಿತ್ತು. ಇರಾನಿಯವರು ಜೆಕೊಸ್ಲೊವಾಕಿಯಾದ ಜಾವಾದಿಂದ ಪರವಾನಗಿ ಪಡೆದು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಜಾಗ ಯಾದವಗಿರಿ. ಮರುವರ್ಷ ಕಾರ್ಖಾನೆಯನ್ನು ಉದ್ಘಾಟಿಸಿದವರು ರಾಜ್ಯಪಾಲ ಜಯಚಾಮರಾಜೇಂದ್ರ ಒಡೆಯರ್.

ಈ ಉದ್ಘಾಟನೆಯ ಹತ್ತಿರ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂಗಳೂರೂ ಕೆನರಾ ತೀರವೂ ಇಂಗ್ಲಿಷರ ಪಾಲಾದವು. ಹೈದರ್–ಟಿಪ್ಪು ಹಡಗು ಕಟ್ಟಿಸಿದ್ದ ಕಡಲು ಕೈಬಿಟ್ಟು, ಒಡೆಯರಿಗೆ ಮರಳಿ ಸಿಕ್ಕ ಮೈಸೂರು ನಾಲ್ಕು ಕಡೆಯೂ ನೆಲವೇ ಇರುವ ರಾಜ್ಯವಾಯಿತು. 157 ವರ್ಷ ಹಾಗೇ ಇತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕೆಂದು ಹಂಬಲಿಸಿದರು. ಭಟ್ಕಳ ಮುಂಬೈ ಪ್ರಾಂತ್ಯದಲ್ಲಿತ್ತು, ಬ್ರಿಟಿಷರ ಒಪ್ಪಿಗೆ ಬೇಕು, ಕೆಲಸ ಮುಂದುವರಿಯಲಿಲ್ಲ. ಪ್ರಾಗ್‌ಗೆ ಹ್ಯಾಂಬರ್ಗ್‌ನಲ್ಲಿ ಸಿಕ್ಕಷ್ಟೂ ಮೈಸೂರಿಗೆ ಭಟ್ಕಳದಲ್ಲಿ ಸಿಗಲಿಲ್ಲ. ಬದಲಿಗೆ ಈ ರಾಜ್ಯ ಒಳಗೇ ಕೈಗಾರಿಕೆ ಕಟ್ಟುವ ಹಟ ಹಿಡಿಯಿತು: ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, ಮೈಸೂರಿನ ರೇಷ್ಮೆ, ಗಂಧದೆಣ್ಣೆ. 1956ರ ನವೆಂಬರ್ 1ರಂದು ಭಾಷೆಯ ಮೇಲೆ ರಾಜ್ಯ ಕೂಡಿಕೊಂಡಾಗ ಮಂಗಳೂರೂ ಕಾರವಾರವೂ ಭಟ್ಕಳವೂ ಬಂದವು. ಅಂದರೆ ಜಾವಾ ಕಾರ್ಖಾನೆಯ ಬಾಗಿಲು ತೆರೆದ ವ್ಯಕ್ತಿ, ಕಡಲಿಲ್ಲದ ಮೈಸೂರಿನ ಕೊನೆಯ ಮಹಾರಾಜ, ಕಡಲು ಸಿಕ್ಕ ಮೈಸೂರಿನ ಮೊದಲ ರಾಜ್ಯಪಾಲ. ಎರಡು ಒಳನಾಡುಗಳ ಚರಿತ್ರೆ ಯಾದವಗಿರಿಯಲ್ಲಿ ಹೀಗೆ ಕೂಡಿದ್ದು ನನಗೆ ಬರೀ ಕಾಕತಾಳೀಯವಾಗಿ ಕಾಣುವುದಿಲ್ಲ. ಕೈಗಾರಿಕೆಯನ್ನು ನೆಚ್ಚಿ ಬದುಕುವ ಅಭ್ಯಾಸ ಎರಡು ಕಡೆಯೂ ಮೊದಲೇ ಇತ್ತು.

ಜಾವಾ ಒಂಟಿಯಾಗಿ ಬಂದದ್ದಲ್ಲ. ಆ ಕಾಲದಲ್ಲಿ ಭಾರತವೂ ಪೂರ್ವ ಯುರೋಪಿನ ಸಮಾಜವಾದಿ ದೇಶಗಳೂ ಡಾಲರಿನ ಹಂಗಿಲ್ಲದೆ ರೂಪಾಯಿ ಲೆಕ್ಕದಲ್ಲಿ ವ್ಯಾಪಾರ ಮಾಡುತ್ತಿದ್ದವು. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ಆ ಕಡೆ ಹೋಗುತ್ತಿತ್ತು, ಆ ಕಡೆಯಿಂದ ಯಂತ್ರ ಬರುತ್ತಿತ್ತು. ರಾಂಚಿಯ ಭಾರಿ ಎಂಜಿನಿಯರಿಂಗ್ ನಿಗಮದಲ್ಲಿ, ತಿರುಚಿನಾಪಳ್ಳಿಯ ಬಾಯ್ಲರ್ ಕಾರ್ಖಾನೆಯಲ್ಲಿ ಜೆಕೊಸ್ಲೊವಾಕಿಯಾದ ನೆರವಿತ್ತು. ಎಚ್‌ಎಂಟಿಯವರು 1971ರಿಂದ ಮಾಡಿದ ಟ್ರ್ಯಾಕ್ಟರಿನ ಮೂಲವೂ ಅಲ್ಲಿನ ಜೀಟರ್. ನಂಜನಗೂಡು ಕಡೆಯ ಗದ್ದೆಯಲ್ಲಿ ಜೀಟರ್, ಅದೇ ರೈತನ ಮಗ ಪೇಟೆಗೆ ಬರುವುದು ಜಾವಾದಲ್ಲಿ. ಕಡಲಿಲ್ಲದ ಒಂದು ಸಣ್ಣ ದೇಶ ನಮ್ಮ ಹಳ್ಳಿಗಾಡಿನೊಳಗೆ ಇಷ್ಟು ದೂರ ಬಂದಿತ್ತು.

ಆ ಗಾಡಿಯನ್ನು ಹತ್ತಿರದಿಂದ ನೋಡದವರಿಗಾಗಿ ಒಂದೆರಡು ಮಾತು. 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕಿನ ಒಂದೇ ಸಿಲಿಂಡರು, ಟೂ ಸ್ಟ್ರೋಕ್, ಆದರೆ ಸೈಲೆನ್ಸರ್ ಎರಡು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಅಣ್ಣ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ಇಟ್ಟುಕೊಂಡು ಬಂದು, ಮೊದಲು ಟ್ಯಾಂಕಿನ ಕೆಳಗಿನ ಕೀಲಿ ತಿರುಗಿಸಿ ಪೆಟ್ರೋಲ್ ಬಿಡುತ್ತಿದ್ದರು. ಆಮೇಲೆ ಕಾರ್ಬುರೇಟರಿನ ಮೇಲಿನ ಪುಟ್ಟ ಗುಬಟನ್ನು ಬೆರಳಿಂದ ಒತ್ತಿ, ಪೆಟ್ರೋಲ್ ಜಿನುಗುವ ತನಕ ಹಿಡಿಯುವುದು. ಆ ಕಾರ್ಬುರೇಟರಿನ ಮೇಲೆ ಯಿಕೋವ್ ಎಂಬ ಜೆಕ್ ಹೆಸರು ಅಚ್ಚಾಗಿತ್ತು. ನಂತರ ಜಾವಾದವರ ಚಮತ್ಕಾರ: ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ. ಒಂದು ತುಳಿತ, ಗಾಡಿ ಹೊತ್ತಿಕೊಂಡ ಮೇಲೆ ಮುಂದಕ್ಕೆ ತಂದರೆ ಮತ್ತೆ ಗೇರು. ಆ ಲಿವರು ತುಳಿದಾಗ ಕ್ಲಚ್ಚು ತಾನಾಗಿ ಬಿಡುವುದರಿಂದ ಎಡಗೈಗೆ ಕೆಲಸ ಕಡಿಮೆ. ಒಂದು ಭಾಗಕ್ಕೆ ಎರಡು ಕೆಲಸ ಕೊಟ್ಟರೆ ಒಂದು ಭಾಗ ಉಳಿಯಿತು, ಕೆಡುವುದೂ ಒಂದು ಕಡಿಮೆಯಾಯಿತು.

"ಇದನ್ನ ಯೋಚನೆ ಮಾಡಿದೋರು ಬಡತನ ಕಂಡೋರು ಕಣೇ. ದುಡ್ಡಿದ್ದೋರಿಗೆ ಇದು ಹೊಳೆಯಲ್ಲ" ಎಂದು ಚಿಕ್ಕಪ್ಪ ನನಗೆ ಬಿಡಿಸಿ ತೋರಿಸಿದ್ದರು. ಚಿಕ್ಕಪ್ಪ ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಪುಸ್ತಕದಲ್ಲಿ ನಾನು ಓದಿದ ಜೆಕೊಸ್ಲೊವಾಕಿಯಾದ ಆರ್ಥಿಕ ಇತಿಹಾಸವೆಲ್ಲ ಆ ಮಾತನ್ನೇ ಹೇಳಿದೆ.

1968ಕ್ಕೆ ಬರುತ್ತೇನೆ. ಜನವರಿಯಲ್ಲಿ ಅಲೆಕ್ಸಾಂಡರ್ ದುಬ್ಚೆಕ್ ಎಂಬ ಸ್ಲೊವಾಕ್ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥನಾದ. ಪತ್ರಿಕೆಗಳ ಮೇಲಿನ ಕಾವಲು ಸಡಿಲವಾಯಿತು, ಹಳೆಯ ವಿಚಾರಣೆಗಳಲ್ಲಿ ಸುಳ್ಳು ಆರೋಪಕ್ಕೆ ಸಿಕ್ಕವರ ಹೆಸರು ಮರಳಿ ಬಂತು, ಸಭೆಗಳಲ್ಲಿ ಜನ ಬಾಯಿ ಬಿಟ್ಟು ಮಾತಾಡಿದರು. ಸಮಾಜವಾದ ಇರಲಿ, ಅದು ಮನುಷ್ಯರ ಮುಖ ನೋಡಲಿ ಎಂಬುದಷ್ಟೇ ಅವರ ಬೇಡಿಕೆ. ಆಗಸ್ಟ್ 20ರ ರಾತ್ರಿ ಸೋವಿಯತ್ ಒಕ್ಕೂಟದ ಮುಂದಾಳತ್ವದಲ್ಲಿ ವಾರ್ಸಾ ಒಪ್ಪಂದದ ಪಡೆಗಳು ಟ್ಯಾಂಕುಗಳೊಡನೆ ಒಳನುಗ್ಗಿದವು. ಸುತ್ತ ನೆಲವೇ ಇರುವ ದೇಶಕ್ಕೆ ಟ್ಯಾಂಕು ಯಾವ ಕಡೆಯಿಂದಲೂ ಬರಬಹುದು. ಜನ ಗುಂಡು ಹಾರಿಸಲಿಲ್ಲ. ಬೀದಿ ಬೀದಿಯ ಹೆಸರಿನ ಫಲಕಗಳನ್ನು ಕಿತ್ತರು, ಊರಿನ ದಿಕ್ಕು ತೋರಿಸುವ ಕಂಬಗಳಿಗೆ ಬಣ್ಣ ಬಳಿದರು, ಬಂದ ಸೈನಿಕರಿಗೆ ದಾರಿ ಗೊತ್ತಾಗಬಾರದೆಂದು. ಟ್ಯಾಂಕಿನ ಮೇಲೆ ಹತ್ತಿ ರಷ್ಯನ್ ಭಾಷೆಯಲ್ಲಿಯೇ ಯಾಕೆ ಬಂದಿರಿ ಎಂದು ಕೇಳಿದರು. ಆ ದಿನಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ದುಬ್ಚೆಕ್‌ನನ್ನು ಮಾಸ್ಕೋಗೆ ಹಿಡಿದೊಯ್ದು ಒಪ್ಪಂದಕ್ಕೆ ಸಹಿ ಹಾಕಿಸಿದರು.

ನಾನಾಗ ಹೈಸ್ಕೂಲಿನಲ್ಲಿದ್ದೆ. ನಮ್ಮ ಹಜಾರದಲ್ಲಿ ರೇಡಿಯೊ ಸುತ್ತ ಗಂಡಸರು ಕೂತಿದ್ದರು. ಅವರಲ್ಲಿ ಕಾಂಗ್ರೆಸ್ಸಿನವರು, ಲೋಹಿಯಾ ಅವರನ್ನು ಓದಿಕೊಂಡವರು, ರಷ್ಯಾ ಎಂದರೆ ಪ್ರಾಣ ಬಿಡುವವರು ಮೂರೂ ಬಗೆ ಇದ್ದರು. ಜಗಳ ಜೋರಾಗಿತ್ತು. ಚಿಕ್ಕಪ್ಪ ಮಾತ್ರ ಒಂದೇ ಮಾತು ಕೇಳಿದರು: "ಅಲ್ಲಣ್ಣ, ಆ ಫ್ಯಾಕ್ಟ್ರಿಯೋರು ಹೇಗಿದಾರಂತೆ?" ಯಾರ ಬಳಿಯೂ ಉತ್ತರವಿರಲಿಲ್ಲ. ಆ ಹಜಾರದಲ್ಲಿ ಜೆಕೊಸ್ಲೊವಾಕಿಯಾವನ್ನು ಮನುಷ್ಯರಿರುವ ಜಾಗ ಎಂದುಕೊಂಡವರು ಅವರೊಬ್ಬರೇ. ನಾನು ಇತಿಹಾಸ ಆರಿಸಿಕೊಂಡದ್ದಕ್ಕೆ ಆ ಪ್ರಶ್ನೆಯೂ ಒಂದು ಕಾರಣ.

ಭಾರತ ಆಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸದಸ್ಯ. ದಾಳಿಯನ್ನು ಖಂಡಿಸುವ ನಿರ್ಣಯ ಬಂದಾಗ ಹತ್ತು ದೇಶ ಪರವಾಗಿ, ಸೋವಿಯತ್ ಒಕ್ಕೂಟ ಮತ್ತು ಹಂಗೆರಿ ವಿರುದ್ಧವಾಗಿ ಮತ ಹಾಕಿದವು. ಭಾರತ, ಪಾಕಿಸ್ತಾನ, ಅಲ್ಜೀರಿಯಾ ಯಾವ ಕಡೆಗೂ ಕೈ ಎತ್ತಲಿಲ್ಲ. ಸೋವಿಯತ್ ವೀಟೊ ಇತ್ತು, ನಿರ್ಣಯ ಹೇಗೂ ಬಿತ್ತು. ಇಂದಿರಾ ಗಾಂಧಿಯವರ ಸರ್ಕಾರ ಕಳವಳವನ್ನೇನೋ ಹೇಳಿಕೊಂಡಿತು, ಖಂಡಿಸಲು ಒಪ್ಪಲಿಲ್ಲ. ಇದನ್ನು ಪ್ರತಿಭಟಿಸಿ ಪೆಟ್ರೋಲಿಯಂ ಮಂತ್ರಿ ಅಶೋಕ ಮೆಹ್ತಾ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಮೂವತ್ತು ವರ್ಷದ ಹಿಂದೆ ತಂದೆ ಬ್ರಿಟನ್ನಿನ ಬೆನ್ನಿಗಿರಿತವನ್ನು ಬರೆದಿದ್ದರು, ಮಗಳ ಸರ್ಕಾರ ತಟಸ್ಥವಾಯಿತು. ಸೋವಿಯತ್ ಆಯುಧ ಬೇಕಿತ್ತು, ಕಾಶ್ಮೀರದ ವಿಷಯದಲ್ಲಿ ಅವರ ವೀಟೊ ಬೇಕಿತ್ತು, ಅದೆಲ್ಲ ನನಗೆ ಗೊತ್ತು, ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಪಡೆದಿದ್ದೇನೆ. ಆದರೂ ಅದು ಸರಿಯಾಗಿರಲಿಲ್ಲ ಎಂದೇ ನನ್ನ ತೀರ್ಮಾನ. ಅಶೋಕ ಮೆಹ್ತಾರ ಹೆಸರು ನಮ್ಮಲ್ಲಿ ಪಂಚಾಯತ್ ಸಮಿತಿಗಾಗಿ ನೆನಪಿದೆ. ಈ ರಾಜೀನಾಮೆಗಾಗಿಯೂ ಅವರನ್ನು ನೆನೆಯಬೇಕು.

1969ರ ಜನವರಿ 16ರಂದು ಯಾನ್ ಪಾಲಾಖ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ. ಮೂರು ದಿನ ನರಳಿ ತೀರಿಕೊಂಡ. ಜನ ಸೋಲಿಗೆ ಒಗ್ಗಿಹೋಗುತ್ತಿದ್ದಾರಲ್ಲ ಎಂಬ ಸಂಕಟ ಅವನದು. ಏಪ್ರಿಲ್‌ನಲ್ಲಿ ದುಬ್ಚೆಕ್ ಜಾಗಕ್ಕೆ ಗುಸ್ತಾವ್ ಹುಸಾಕ್ ಬಂದ, ದುಬ್ಚೆಕ್ ಸ್ಲೊವಾಕಿಯಾದಲ್ಲಿ ಅರಣ್ಯ ಇಲಾಖೆಯ ಕೆಲಸಕ್ಕೆ ಹೋದ. ಮುಂದಿನ ಇಪ್ಪತ್ತು ವರ್ಷ ಅಲ್ಲಿ ಏನೂ ಅಲುಗಾಡಲಿಲ್ಲ. ಬರಹಗಾರರು ಕಿಟಕಿ ಒರೆಸಿದರು, ಬಾಯ್ಲರ್ ಕಾಯ್ದರು. ಮಿಲನ್ ಕುಂದೇರಾ 1975ರಲ್ಲಿ ಫ್ರಾನ್ಸಿಗೆ ಹೋದರು. ವಾಟ್ಸ್ಲಾವ್ ಹಾವೆಲ್ ಜೈಲಿಗೆ ಹೋಗಿ ಬರುತ್ತಿದ್ದರು.

ಆ ಸ್ತಬ್ಧತೆ ಕಾರ್ಖಾನೆಗೂ ಇಳಿಯಿತು. ಜಪಾನಿನವರು ವರ್ಷಕ್ಕೊಂದು ಮಾದರಿ ತರುತ್ತಿದ್ದಾಗ ಯೋಜನೆಯ ಕಡತಕ್ಕೆ ಹೊಸತರ ಅವಸರವಿರಲಿಲ್ಲ. ಸೋವಿಯತ್ ಮಾರುಕಟ್ಟೆ ಕೊಟ್ಟದ್ದನ್ನೆಲ್ಲ ಕೊಳ್ಳುತ್ತಿತ್ತು. ಮೈಸೂರಿನಲ್ಲೂ ಹಾಗೇ, ಕಾರಣ ಬೇರೆ: ಲೈಸೆನ್ಸ್ ಇದ್ದವರಿಗೆ ಪೈಪೋಟಿ ಇರಲಿಲ್ಲ, ಗಿರಾಕಿ ಹೆಸರು ಬರೆಸಿ ಕಾಯುತ್ತಿದ್ದ. 1973ರಿಂದ ಗಾಡಿ ಯೆಜ್ಡಿ ಎಂಬ ಹೆಸರಿಗೆ ತಿರುಗಿತು, 1978ರಲ್ಲಿ ರೋಡ್‌ಕಿಂಗ್ ಬಂತು, ಹುಡುಗರ ಕಣ್ಮಣಿಯಾಯಿತು. ಆದರೆ ಒಳಗಿನ ವಿದ್ಯೆ ಅದೇ ಟೂ ಸ್ಟ್ರೋಕಿನದು. ಜಾವಾ ಅಂದರೆ ಗಟ್ಟಿ, ಜನ್ಮಕ್ಕೊಂದು ಸಾಕು ಎಂದು ಹೊಗಳುವವರಿಗೆ ನಾನು ಹೇಳುವುದಿಷ್ಟೆ. ಆ ಗಟ್ಟಿತನ ಯುದ್ಧದ ಬವಣೆ ಕಂಡ ಎಂಜಿನಿಯರುಗಳದು, ಅದಕ್ಕೆ ನಮಸ್ಕಾರ. ಆದರೆ ಅಷ್ಟು ವರ್ಷ ಅದೇ ಗಾಡಿ ಉಳಿದದ್ದರಲ್ಲಿ 1968ರ ಟ್ಯಾಂಕುಗಳ ಪಾಲೂ ಇದೆ, ದೆಹಲಿಯ ಲೈಸೆನ್ಸಿನ ಪಾಲೂ ಇದೆ.

ಎಂಬತ್ತರ ನಡುವಿನಲ್ಲಿ ಸುಜುಕಿ, ಹೋಂಡಾ, ಯಮಾಹಾ, ಕವಾಸಾಕಿ ಕೂಡಿಕೆಯ ನೂರು ಸಿಸಿ ಗಾಡಿಗಳು ಬಂದವು. ಅರ್ಧ ಪೆಟ್ರೋಲಿಗೆ ಅಷ್ಟೇ ದೂರ, ಕಿಕ್ಕರ್ ಹಗುರ, ಹೊಗೆ ಕಡಿಮೆ. ಹೊಗೆಯ ನಿಯಮಗಳು ಬಿಗಿಯಾದವು. ಐಡಿಯಲ್ ಜಾವಾದ ತಯಾರಿಕೆ 1996ರಲ್ಲಿ ನಿಂತಿತು. ಮುಚ್ಚಿದ ಸಂಕಟವನ್ನು ಬೇರೆಯವರು ಬರೆದಿದ್ದಾರೆ, ಕೆಲಸಗಾರರ ಮಕ್ಕಳು ನನ್ನ ಕ್ಲಾಸಿನಲ್ಲಿದ್ದರು, ಆ ವರ್ಷಗಳನ್ನು ನಾನು ಬಲ್ಲೆ. ಚಿಕ್ಕಪ್ಪ ಅದಕ್ಕೆ ಮೊದಲೇ ನಿವೃತ್ತರಾಗಿದ್ದರು.

ಅಲ್ಲಿ 1989ರ ನವೆಂಬರ್ 17ರಂದು ಪ್ರಾಗ್‌ನ ವಿದ್ಯಾರ್ಥಿಗಳ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದರು. ವಾರದೊಳಗೆ ಚೌಕ ತುಂಬಿತು. ಬೀಗದ ಕೈಗಳನ್ನು ಎತ್ತಿ ಗಲಗಲ ಅಲ್ಲಾಡಿಸುತ್ತ ಲಕ್ಷಾಂತರ ಜನ ನಿಂತರು. ದುಬ್ಚೆಕ್ ಬಾಲ್ಕನಿಗೆ ಬಂದಾಗ ಜನ ಅವನ ಹೆಸರು ಕೂಗಿದರು. ವರ್ಷ ಮುಗಿಯುವ ಮೊದಲು ಡಿಸೆಂಬರ್ 29ಕ್ಕೆ ಹಾವೆಲ್ ಅಧ್ಯಕ್ಷ. ಇಡೀ ಯುರೋಪಿನ ಇತಿಹಾಸದಲ್ಲಿ ನಾನು ಅತ್ಯಂತ ಸಂತೋಷದಿಂದ ಪಾಠ ಮಾಡಿದ ಭಾಗ ಇದು.

ಆಮೇಲಿನದು ಶಾಂತವಾಗಿಯೇ ನಡೆಯಿತು, ಆದರೂ ನನಗೆ ಒಗಟು. 1992ರ ಚುನಾವಣೆಯಲ್ಲಿ ಜೆಕ್ ಕಡೆ ಕ್ಲೌಸ್, ಸ್ಲೊವಾಕ್ ಕಡೆ ಮೆಚಿಯಾರ್ ಗೆದ್ದರು. ಆಗಸ್ಟಿನಲ್ಲಿ ಬ್ರನೋ ನಗರದ ಒಂದು ಬಂಗಲೆಯಲ್ಲಿ ಕೂತು ದೇಶ ಒಡೆಯುವುದನ್ನು ಒಪ್ಪಿಕೊಂಡರು. ಜನಮತ ಕೇಳಲಿಲ್ಲ. ಹಾವೆಲ್ ಅದಕ್ಕೆ ಮೊದಲೇ ಹುದ್ದೆ ಬಿಟ್ಟಿದ್ದರು. ಆಸ್ತಿಯನ್ನು ಜನಸಂಖ್ಯೆಯಂತೆ ಎರಡಕ್ಕೊಂದು ಪಾಲು ಮಾಡಿದರು, ರೈಲು ಗಾಡಿ, ಸೇನೆಯ ಸಾಮಾನು ಎಲ್ಲವನ್ನೂ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವ ಎರಡು ಜನ 1993ರ ಜನವರಿ 1ರಂದು ಬೇರೆಯಾದರು. ಬೀದರಿನ ಕನ್ನಡ ಚಾಮರಾಜನಗರದವರಿಗೆ ಅರ್ಧ ತಿಳಿಯದಿದ್ದರೂ ಒಂದಾಗಲು ಹೋರಾಡಿದವರು ನಾವು. ಅವರು ಒಂದು ಹನಿ ರಕ್ತ ಹರಿಸದೆ ಪಾಲಾದದ್ದನ್ನು ಮೆಚ್ಚುತ್ತೇನೆ, ಕಾರಣ ಮಾತ್ರ ನನಗೆ ಪೂರ್ತಿ ಮನವರಿಕೆಯಾಗಿಲ್ಲ. ಹ್ಯಾಂಬರ್ಗ್‌ನ ಬಂದರಿನ ಗುತ್ತಿಗೆ ಜೆಕ್ ಗಣರಾಜ್ಯದ ಪಾಲಿಗೆ ಹೋಯಿತು. 2028ಕ್ಕೆ ಅದರ ಅವಧಿ ಮುಗಿಯುತ್ತದೆ.

ಸೋವಿಯತ್ ಮಾರುಕಟ್ಟೆ ಇಲ್ಲದಾದಾಗ ಜಾವಾದ ತವರು ಕಾರ್ಖಾನೆಯೂ ಬಿದ್ದುಹೋಯಿತು. ಪ್ರಾಗ್‌ನ ದಕ್ಷಿಣಕ್ಕೆ ಸಾಜಾವಾ ಹೊಳೆಯ ದಂಡೆಯ ಟಿನೆಟ್ಸ್ ಎಂಬ ಸಣ್ಣ ಊರಿನಲ್ಲಿ 1997ರಲ್ಲಿ ಹೊಸ ಕಂಪನಿಯೊಂದು ಸಣ್ಣದಾಗಿ ತಯಾರಿಕೆ ಮುಂದುವರಿಸಿತು. ಯಾದವಗಿರಿ ನಿಂತದ್ದು 1996, ಟಿನೆಟ್ಸ್ ಮತ್ತೆ ಶುರುವಾದದ್ದು 1997. 2018ರಲ್ಲಿ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಭಾರತದಲ್ಲಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಿತು. ಅದು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಎಂಜಿನ್ ಫೋರ್ ಸ್ಟ್ರೋಕು.

ಅಣ್ಣನ ಗಾಡಿ ಈಗ ನನ್ನ ತಮ್ಮನ ಮಗನ ಕೈಯಲ್ಲಿದೆ. ಸವೆದ ಭಾಗಗಳನ್ನು ಅವನು ಜೆಕ್ ಗಣರಾಜ್ಯದಿಂದಲೇ ತರಿಸುತ್ತಾನೆ. ಜುಲೈ ಎರಡನೇ ಭಾನುವಾರ ಜಾವಾ ದಿನವೆಂದು ಮೈಸೂರಿನ ಹುಡುಗರು ಹಳೆಯ ಗಾಡಿಗಳನ್ನು ಹೊರಡಿಸುತ್ತಾರೆ. ಹೋದ ಸಲ ಹೊರಡುವ ಮುಂಚೆ ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿಕೊಂಡಿದ್ದ ಒಬ್ಬ ಹುಡುಗ, "ಇದು ಜರ್ಮನ್ ಕಂಪನಿ ಅಲ್ವಾ ಮೇಡಂ?" ಎಂದ. ಅಲ್ಲಪ್ಪ, ಕೂತ್ಕೋ ಎಂದೆ. ಕಾಫಿ ಬರುವಷ್ಟರಲ್ಲಿ ವಾಂಡರರ್ ಮುಗಿಸಿ ಮ್ಯೂನಿಕ್‌ಗೆ ಬಂದಿದ್ದೆ. ಪಾಲಾಖ್‌ನ ವಯಸ್ಸು ಹೇಳಿದಾಗ ಅವನು ತನ್ನ ವಯಸ್ಸೂ ಅಷ್ಟೇ ಎಂದ. ಉಳಿದದ್ದನ್ನು ಕೇಳಲು ಮುಂದಿನ ಭಾನುವಾರ ಇನ್ನಿಬ್ಬರನ್ನು ಕರೆದುಕೊಂಡು ಬಂದ.